ಕಾವಲು ಇಳಿಯದ ಮಿದುಳು

ತಲೆಗೆ ಪೆಟ್ಟು ಬಿದ್ದ ಸೈನಿಕನ ಬಗ್ಗೆ ವೈದ್ಯರಿಗೆ ಮೊದಲು ಬೇಕಾಗುವುದು ಮೂರು ಪ್ರಶ್ನೆಗಳ ಉತ್ತರ. ಎಷ್ಟು ಹೊತ್ತು ಎಚ್ಚರ ತಪ್ಪಿತ್ತು? ಪೆಟ್ಟಿನ ನಂತರದ ಎಷ್ಟು ಹೊತ್ತು ನೆನಪಿನಿಂದ ಅಳಿಸಿಹೋಗಿದೆ? ಕರೆದರೆ ಓಗೊಡುತ್ತಾನೆಯೇ, ಕಣ್ಣು ಬಿಡುತ್ತಾನೆಯೇ, ಹೇಳಿದಂತೆ ಕೈ ಎತ್ತುತ್ತಾನೆಯೇ? ಎಚ್ಚರ ತಪ್ಪಿದ್ದು 30 ನಿಮಿಷ ಮೀರಿಲ್ಲ, ನೆನಪಿನ ಕತ್ತಲು 24 ಗಂಟೆ ದಾಟಿಲ್ಲ, ಗ್ಲ್ಯಾಸ್ಗೋ ಕೋಮಾ ಮಾಪನದಲ್ಲಿ 13ರಿಂದ 15 ಅಂಕ ಬಂದಿದೆ, ಸ್ಕ್ಯಾನ್‌ನಲ್ಲಿ ಏನೂ ಕಾಣುತ್ತಿಲ್ಲ ಎಂದಾದರೆ ಕಡತದಲ್ಲಿ ಬರೆಯುವ ಪದ ‘ಸೌಮ್ಯ’. ಸೌಮ್ಯ ಮಿದುಳು ಗಾಯ. ಆಟದ ಮೈದಾನದಲ್ಲಿ ಇದನ್ನೇ ಕನ್‌ಕಶನ್ ಎನ್ನುತ್ತಾರೆ.

ಈ ಪದ ಅಳೆಯುವುದು ಮೊದಲ ದಿನವನ್ನು ಮಾತ್ರ. ಆಮೇಲಿನ ಹತ್ತು ವರ್ಷದ ರಾತ್ರಿಗಳು ಅದರ ಲೆಕ್ಕಕ್ಕೆ ಸಿಗುವುದಿಲ್ಲ.

ಅಮೆರಿಕದ ರಕ್ಷಣಾ ಇಲಾಖೆ 2000ನೇ ಇಸವಿಯಿಂದ ತನ್ನ ಸೈನಿಕರ ಮಿದುಳು ಗಾಯಗಳ ಲೆಕ್ಕ ಇಟ್ಟಿದೆ. ಆ ಸಂಖ್ಯೆ ನಾಲ್ಕು ಲಕ್ಷ ದಾಟಿದೆ, ಅದರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ‘ಸೌಮ್ಯ’ ಎಂಬ ಪಟ್ಟಿಗೆ ಸೇರಿದವು. ಇವೆಲ್ಲ ಬಾಂಬಿನಿಂದಲೇ ಆದವಲ್ಲ. ಬಹುಪಾಲು ತರಬೇತಿ, ವಾಹನ ಅಪಘಾತ, ಆಟೋಟಗಳಲ್ಲಿ ಆದ ಪೆಟ್ಟುಗಳು. ಆದರೆ ಅಫ್ಘಾನಿಸ್ತಾನ ಮತ್ತು ಇರಾಕ್ ಯುದ್ಧಗಳ ಗುರುತಿನ ಗಾಯ ಎಂದು ಜನ ನೆನಪಿಟ್ಟುಕೊಂಡಿರುವುದು ರಸ್ತೆಬದಿಯಲ್ಲಿ ಹೂತಿಟ್ಟ ಬಾಂಬು ಸಿಡಿದಾಗ ತಲೆಯೊಳಗೆ ಆದ, ಹೊರಗೆ ಕಾಣದ ಗಾಯವನ್ನೇ. ಅಂಥ ಎಷ್ಟೋ ಮಂದಿ ಒಂದು ಹನಿ ರಕ್ತ ಸುರಿಸದೆ, ಸಮವಸ್ತ್ರ ಕೊಡವಿಕೊಂಡು ಎದ್ದು ಮತ್ತೆ ಕೆಲಸಕ್ಕೆ ನಿಂತರು. ಮನೆಗೆ ಮರಳಿ ತಿಂಗಳುಗಳಾದ ಮೇಲೆ ತಲೆನೋವು, ಮರೆವು, ಸಿಡುಕಿನ ಜೊತೆಗೆ ವೈದ್ಯರ ಮುಂದೆ ಒಂದು ದೂರು ಇಟ್ಟರು: ರಾತ್ರಿ ನಿದ್ದೆ ಹತ್ತುವುದಿಲ್ಲ.

ಈ ಅಧ್ಯಾಯ ಆ ದೂರಿನ ಕುರಿತದ್ದು. ಹರಿದ ನರತಂತುವನ್ನು ಹೊಲಿಯುವ ಸೂಜಿ ಇನ್ನೂ ನಮ್ಮ ಕೈಗೆ ಬಂದಿಲ್ಲ. ನಿದ್ದೆಯನ್ನು ಸರಿಪಡಿಸುವ ದಾರಿಗಳು ಮಾತ್ರ ಇವೆ. ಹಾಗಾಗಿ ಗಾಯಗೊಂಡ ಮಿದುಳಿನ ಮನೆಗೆ ಇಂದು ನಾವು ಹೊಗಬಹುದಾದ ಬಾಗಿಲು ನಿದ್ದೆಯೇ ಎಂದು ನಾನು ನಂಬಿದ್ದೇನೆ.

ದೇಹವೋ, ಮನಸ್ಸೋ

1915ರಲ್ಲಿ ಬ್ರಿಟಿಷ್ ವೈದ್ಯ ಚಾರ್ಲ್ಸ್ ಮೈಯರ್ಸ್ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಮೂವರು ಸೈನಿಕರ ಕಥೆ ಬರೆದರು. ಹತ್ತಿರದಲ್ಲೇ ಶೆಲ್‌ಗಳು ಸಿಡಿದಿದ್ದವು. ಮೈಮೇಲೆ ದೊಡ್ಡ ಗಾಯವಿಲ್ಲ, ಆದರೂ ದೃಷ್ಟಿ, ನೆನಪು, ರುಚಿ, ವಾಸನೆಗಳಲ್ಲಿ ಏರುಪೇರು. ‘ಶೆಲ್ ಶಾಕ್’ ಎಂಬ ಪದ ವೈದ್ಯಲೋಕದೊಳಗೆ ಕಾಲಿಟ್ಟದ್ದು ಆ ಲೇಖನದಿಂದ. ಕೂಡಲೇ ಜಗಳವೂ ಹುಟ್ಟಿತು. ಫ್ರೆಡರಿಕ್ ಮಾಟ್ ಸತ್ತ ಸೈನಿಕರ ಮಿದುಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಚಿಕ್ಕ ಚಿಕ್ಕ ರಕ್ತಸ್ರಾವಗಳನ್ನು ತೋರಿಸಿ, ಇದು ದೇಹದ ಗಾಯ ಎಂದರು. ಸಿಡಿತದ ಹತ್ತಿರವೇ ಇರದವರಿಗೂ ಇದೇ ಲಕ್ಷಣ ಇದೆಯಲ್ಲ, ಇದು ಮನಸ್ಸಿನದು ಎಂದರು ಇನ್ನು ಕೆಲವರು. ಅದೇ ಹೆಸರನ್ನು ಹೇಡಿತನಕ್ಕೆ ಇನ್ನೊಂದು ಹೆಸರು ಮಾಡಿಕೊಂಡ ಅಧಿಕಾರಿಗಳೂ ಇದ್ದರು.

ಈ ಜಗಳದ ನಡುವೆ ರಾತ್ರಿಯ ಕಡೆಗೆ ಕಣ್ಣು ನೆಟ್ಟವರು ಡಬ್ಲ್ಯು. ಎಚ್. ಆರ್. ರಿವರ್ಸ್. ಅವರು ವೈದ್ಯರೂ ಹೌದು, ಮಾನವಶಾಸ್ತ್ರಜ್ಞರೂ ಹೌದು. ನಮ್ಮ ಗಡಿಗೆ ಅಂಟಿಕೊಂಡಿರುವ ನೀಲಗಿರಿಯಲ್ಲಿ ತೊದವರ ನಡುವೆ 1901–02ರಲ್ಲಿ ಇದ್ದು, ಅವರ ಬದುಕಿನ ಬಗ್ಗೆ 1906ರಲ್ಲಿ ದೊಡ್ಡ ಗ್ರಂಥ ಪ್ರಕಟಿಸಿದವರು ಇವರೇ. ಯುದ್ಧಕಾಲದಲ್ಲಿ ಎಡಿನ್‌ಬರೋ ಬಳಿಯ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ಸೇನಾಧಿಕಾರಿಗಳಿಗೆ ಚಿಕಿತ್ಸೆ ಕೊಡುತ್ತಿದ್ದರು. ಕವಿ ಸೀಗ್‌ಫ್ರೀಡ್ ಸಸೂನ್ 1917ರಲ್ಲಿ ಅಲ್ಲಿಗೆ ಬಂದದ್ದು ಇವರ ರೋಗಿಯಾಗಿಯೇ. ‘ನಡೆದದ್ದನ್ನು ಮರೆತುಬಿಡಿ, ಬೇರೇನಾದರೂ ಯೋಚಿಸಿ’ ಎಂಬುದು ಆಗ ಎಲ್ಲರೂ ಹೇಳುತ್ತಿದ್ದ ಬುದ್ಧಿಮಾತು. ರಿವರ್ಸ್ ಕಂಡದ್ದು ಬೇರೆ. ಹಗಲೆಲ್ಲ ಒತ್ತಾಯದಿಂದ ಹೊರಗೆ ತಳ್ಳಿದ ನೆನಪು ರಾತ್ರಿ ಇಮ್ಮಡಿ ಬಲದಿಂದ ಒಳಗೆ ನುಗ್ಗುತ್ತಿತ್ತು. ಓಡಿಸುವ ಕೆಲಸ ನಿಲ್ಲಿಸಿದವರಲ್ಲಿ ಹಲವರಿಗೆ ರಾತ್ರಿ ಹಗುರವಾಗುತ್ತಿತ್ತು. ನೂರು ವರ್ಷದ ಹಿಂದಿನ ಈ ಗಮನಿಕೆಯನ್ನು ಕೈಯಲ್ಲಿ ಹಿಡಿದಿರಿ, ಮುಂದೆ ಬೇಕಾಗುತ್ತದೆ.

ದೇಹವೋ ಮನಸ್ಸೋ ಎಂಬ ಪ್ರಶ್ನೆ ನಮ್ಮ ಕಾಲಕ್ಕೂ ಬಂತು, ಎರಡೂ ಕಡೆಗೆ ಸಾಕ್ಷಿ ಹೊತ್ತು. 2008ರಲ್ಲಿ ಚಾರ್ಲ್ಸ್ ಹೋಗ್ ಮತ್ತು ಸಂಗಡಿಗರು ಇರಾಕಿನಿಂದ ಮರಳಿದ 2,525 ಸೈನಿಕರ ಸಮೀಕ್ಷೆ ಪ್ರಕಟಿಸಿದರು. ಪೆಟ್ಟು ಬಿದ್ದು ಎಚ್ಚರ ತಪ್ಪಿದ್ದವರಲ್ಲಿ ನೂರಕ್ಕೆ ಸುಮಾರು 44 ಮಂದಿಗೆ ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಕಾಡುವ ಒತ್ತಡದ ಕಾಯಿಲೆಯ ಲಕ್ಷಣಗಳಿದ್ದವು. ಯಾವ ಗಾಯವೂ ಆಗದವರಲ್ಲಿ ಈ ಪ್ರಮಾಣ ನೂರಕ್ಕೆ 9. ಪಿಟಿಎಸ್‌ಡಿ ಮತ್ತು ಖಿನ್ನತೆಯ ಪಾಲನ್ನು ಲೆಕ್ಕದಿಂದ ಕಳೆದಾಗ ತಲೆನೋವೊಂದನ್ನು ಬಿಟ್ಟು ಉಳಿದ ದೈಹಿಕ ದೂರುಗಳಿಗೂ ಮಿದುಳಿನ ಪೆಟ್ಟಿಗೂ ಇದ್ದ ನಂಟು ಹೆಚ್ಚುಕಡಿಮೆ ಕರಗಿತು. ಹಾಗಾದರೆ ಮನಸ್ಸಿನದೇ ಎನ್ನೋಣವೇ? 2016ರಲ್ಲಿ ಬೆಥೆಸ್ಡಾದ ಸೇನಾ ವೈದ್ಯಕೀಯ ವಿಶ್ವವಿದ್ಯಾಲಯದ ಡೇನಿಯಲ್ ಪರ್ಲ್ ಅವರ ತಂಡ, ಸಿಡಿತಕ್ಕೆ ಸಿಕ್ಕಿದ್ದ ಸೈನಿಕರ ಮಿದುಳುಗಳನ್ನು ಅವರು ತೀರಿಕೊಂಡ ಮೇಲೆ ಪರೀಕ್ಷಿಸಿತು. ಬೂದು ಭಾಗ ಬಿಳಿ ಭಾಗವನ್ನು ಸೇರುವ ಗೆರೆಯಲ್ಲಿ, ದ್ರವ ತುಂಬಿದ ಕುಹರಗಳ ಅಂಚಿನಲ್ಲಿ, ಅಂದರೆ ಸಾಂದ್ರತೆ ಬದಲಾಗುವ ಕಡೆಗಳಲ್ಲೆಲ್ಲ ವಿಶಿಷ್ಟವಾದ ಕಲೆ ಕಟ್ಟಿತ್ತು. ಬದುಕಿರುವವರ ಸ್ಕ್ಯಾನ್‌ನಲ್ಲಿ ಇದು ಕಾಣುವುದಿಲ್ಲ.

ಒಂದೇ ಸಿಡಿತ ಒಂದೇ ಕ್ಷಣದಲ್ಲಿ ತಂತುವನ್ನೂ ಎಳೆಯುತ್ತದೆ, ಸಾವಿನ ಭಯವನ್ನೂ ಬಿತ್ತುತ್ತದೆ. ಇವೆರಡನ್ನು ಬಿಡಿಸಿ ಎರಡು ಬುಟ್ಟಿಗೆ ಹಾಕುವ ಹಟ ಬಿಟ್ಟು, ಎರಡೂ ಎಲ್ಲಿ ಕೂಡುತ್ತವೆ ಎಂದು ನೋಡಿದರೆ ಸಿಗುವ ಜಾಗ ಹಾಸಿಗೆ.

ನೀರು ನುಗ್ಗಿದ ಮನೆ

ತಲೆ ರಭಸದಿಂದ ಅಲುಗಿದಾಗ ಮೊಸರಿನ ಗಡ್ಡೆಯಷ್ಟೇ ಮೆತ್ತಗಿರುವ ಮಿದುಳು ಬುರುಡೆಯೊಳಗೆ ತಿರುಚಿಕೊಳ್ಳುತ್ತದೆ. ನರಕೋಶಗಳ ಪೊರೆ ಜಗ್ಗಿ, ಒಳಗಿರಬೇಕಾದ ಪೊಟ್ಯಾಸಿಯಂ ಹೊರಗೆ ಸುರಿಯುತ್ತದೆ, ಹೊರಗಿರಬೇಕಾದ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಇವನ್ನು ಮತ್ತೆ ಅವುಗಳ ಜಾಗಕ್ಕೆ ಸೇರಿಸಲು ಪೊರೆಯಲ್ಲಿರುವ ಪಂಪುಗಳು ಪೂರ್ಣ ಶಕ್ತಿಯಿಂದ ಓಡಬೇಕು, ಅದಕ್ಕೆ ರಾಶಿ ಗ್ಲೂಕೋಸ್ ಬೇಕು. ಅದೇ ಹೊತ್ತಿಗೆ ಮಿದುಳಿಗೆ ರಕ್ತದ ಹರಿವು ತಗ್ಗಿರುತ್ತದೆ. ಮನೆಯೊಳಗೆ ನೀರು ನುಗ್ಗಿದಾಗಲೇ ಕರೆಂಟು ಹೋಗಿ ಮೋಟಾರು ನಿಂತಂಥ ಪರಿಸ್ಥಿತಿ. ಕ್ಯಾಲಿಫೋರ್ನಿಯಾದ ಕ್ರಿಸ್ಟೋಫರ್ ಗೀಜಾ ಮತ್ತು ಡೇವಿಡ್ ಹೋವ್ಡಾ 2001ರಲ್ಲಿ ಈ ಸರಪಳಿಯನ್ನು ಬಿಡಿಸಿ ಬರೆದ ಮೇಲೆ, ಸ್ಕ್ಯಾನ್ ಚೆನ್ನಾಗಿದ್ದವನೂ ವಾರಗಟ್ಟಲೆ ಮಂಕಾಗಿರುವುದೇಕೆ ಎಂಬುದು ಅರ್ಥವಾಗತೊಡಗಿತು.

ಬಹುತೇಕರಲ್ಲಿ ಈ ನೀರು ಇಳಿಯುತ್ತದೆ. ಕೆಲವು ವಾರಗಳಲ್ಲಿ ಅವರು ಚೇತರಿಸಿಕೊಳ್ಳುತ್ತಾರೆ. ಒಂದು ಪಾಲು ಜನರಲ್ಲಿ ದೂರುಗಳು ಉಳಿದುಬಿಡುತ್ತವೆ, ಸೈನಿಕರಲ್ಲಿ ಆ ದೂರುಗಳ ಪೈಕಿ ನಿದ್ದೆಯದು ಮುಂಚೂಣಿಯಲ್ಲಿರುತ್ತದೆ. ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ ಯುದ್ಧದಲ್ಲಿ ಮಿದುಳಿಗೆ ಗಾಯವಾದ 116 ಸೈನಿಕರನ್ನು ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದ ವರದಿಯಲ್ಲಿ, ನೂರಕ್ಕೆ 97 ಮಂದಿಗೆ ನಿದ್ದೆಯ ಒಂದಲ್ಲ ಒಂದು ತೊಂದರೆ ಇತ್ತು. ಅದರಲ್ಲೊಂದು ಕುತೂಹಲದ ಭೇದವೂ ಕಂಡಿತು. ತಲೆಗೆ ನೇರ ಹೊಡೆತ ಬಿದ್ದವರಲ್ಲಿ ನಿದ್ದೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಅಪ್ನಿಯಾ ಹೆಚ್ಚು, ಸಿಡಿತಕ್ಕೆ ಸಿಕ್ಕವರಲ್ಲಿ ನಿದ್ರಾಹೀನತೆ ಮತ್ತು ಆತಂಕ ಹೆಚ್ಚು.

ನಿದ್ದೆ ಕೆಟ್ಟರೆ ಗಾಯಕ್ಕೇನು? ನಿದ್ದೆಯ ಹೊತ್ತು ಮಿದುಳು ನೆನಪುಗಳನ್ನು ಜೋಡಿಸಿಡುತ್ತದೆ, ಭಾವನೆಗಳ ಕಾವು ತಗ್ಗಿಸುತ್ತದೆ. ಮೈಕೆನ್ ನೆಡರ್‌ಗಾರ್ಡ್ ಅವರ ತಂಡ 2013ರಲ್ಲಿ ಇಲಿಗಳಲ್ಲಿ ತೋರಿಸಿದ ಪ್ರಕಾರ ನಿದ್ದೆಯಲ್ಲಿ ಮಿದುಳಿನ ಕೋಶಗಳ ನಡುವಿನ ಜಾಗ ಸುಮಾರು 60 ಪ್ರತಿಶತ ಹಿಗ್ಗಿ, ದ್ರವ ಹರಿದು ಕಸವನ್ನು ತೊಳೆದೊಯ್ಯುತ್ತದೆ. 2024ರಲ್ಲಿ ಬೇರೊಂದು ತಂಡ ಇದಕ್ಕೆ ವಿರುದ್ಧವಾದ ಫಲಿತಾಂಶ ಪ್ರಕಟಿಸಿದ್ದರಿಂದ ಈ ವಿಷಯ ಈಗ ಬಿಸಿ ಚರ್ಚೆಯಲ್ಲಿದೆ. ಅದು ಹೇಗೇ ಇತ್ಯರ್ಥವಾಗಲಿ, ನಿದ್ದೆಗೆಟ್ಟವನಿಗೆ ನೋವು ಹೆಚ್ಚು ತಾಗುತ್ತದೆ, ಗಮನ ಚದುರುತ್ತದೆ, ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ ಎಂಬುದರಲ್ಲಿ ತಕರಾರಿಲ್ಲ. ಇವೆಲ್ಲ ಮಿದುಳು ಗಾಯದ ಲಕ್ಷಣಗಳೂ ಹೌದು. ಯಾವುದು ಪೆಟ್ಟಿನಿಂದ ಬಂತು, ಯಾವುದು ನಿದ್ದೆಗೇಡಿನಿಂದ ಬಂತು ಎಂದು ಬಿಡಿಸಲಾರದಂತೆ ಹೆಣೆದುಕೊಂಡಿವೆ. ಒಂದು ಎಳೆಯನ್ನು ಸಡಿಲಿಸಿದರೆ ಉಳಿದವೂ ಸಡಿಲವಾಗುವ ಆಸೆ ಇರುವುದು ಅದಕ್ಕಾಗಿಯೇ.

ಪಾಳಿ ಮುಗಿಯದ ಕಾವಲುಗಾರ

ರಣರಂಗದಲ್ಲಿ ಗಾಢ ನಿದ್ದೆ ಅಪಾಯ. ಅಲ್ಲಿ ಸೈನಿಕ ಅರೆನಿದ್ದೆ ಕಲಿಯುತ್ತಾನೆ, ಸಣ್ಣ ಸಪ್ಪಳಕ್ಕೆ ಪೂರ್ತಿ ಎಚ್ಚರಾಗುವುದನ್ನು ಕಲಿಯುತ್ತಾನೆ. ಮನೆಗೆ ಬಂದ ಮೇಲೆ ಸಮವಸ್ತ್ರ ಕಳಚಿದರೂ ನರವ್ಯೂಹ ಪಾಳಿ ಇಳಿಯುವುದಿಲ್ಲ. ಮಲಗುವ ಮುನ್ನ ಬಾಗಿಲ ಚಿಲಕವನ್ನು ಎರಡು ಬಾರಿ ನೋಡುವುದು, ಬಾಗಿಲು ಕಾಣುವ ಮಗ್ಗುಲಿಗೇ ಮಲಗುವುದು, ಬೀದಿಯಲ್ಲಿ ಕಾರಿನ ಬಾಗಿಲು ಬಡಿದರೆ ಎದ್ದು ಕೂರುವುದು. ಎದೆ ಬಡಿತ ಇಳಿಯದು, ಸ್ನಾಯು ಸಡಿಲದು, ರೆಪ್ಪೆ ಅಂಟದು.

ನಿದ್ದೆಯ ವಿಜ್ಞಾನಿ ಆರ್ಥರ್ ಸ್ಪೀಲ್‌ಮನ್ ದೀರ್ಘಕಾಲದ ನಿದ್ರಾಹೀನತೆಗೆ ಮೂರು ಬಗೆಯ ಕಾರಣ ಹೇಳಿದರು: ಮೊದಲೇ ಇದ್ದ ಒಲವು, ಕಿಡಿ ಹೊತ್ತಿಸಿದ ಘಟನೆ, ಉರಿ ಆರದಂತೆ ಸೌದೆ ಒಟ್ಟುವ ಅಭ್ಯಾಸ. ಸೈನಿಕನಿಗೆ ಕಿಡಿ ಹೊತ್ತಿಸಿದ್ದು ಸಿಡಿತ. ವರ್ಷಗಳ ನಂತರವೂ ಉರಿಯುತ್ತಿರುವುದು ಸೌದೆಯಿಂದ. ರಾತ್ರಿ ಕಳೆದುಕೊಂಡದ್ದನ್ನು ಹಗಲು ಮಲಗಿ ತುಂಬಿಕೊಳ್ಳುವುದು, ಒಂಬತ್ತಕ್ಕೇ ಹಾಸಿಗೆ ಸೇರಿ ಗಡಿಯಾರ ನೋಡುವುದು, ನಿದ್ದೆಗಾಗಿ ಮದ್ಯ ಕುಡಿಯುವುದು. ಎಲ್ಲಕ್ಕಿಂತ ಒಣ ಸೌದೆ ಎಂದರೆ ‘ಇವತ್ತಾದರೂ ನಿದ್ದೆ ಮಾಡಲೇಬೇಕು’ ಎಂಬ ಹಟ. ನಿದ್ದೆಯ ಮಟ್ಟಿಗೆ ಹಟವೇ ಒಂದು ಬಗೆಯ ಎಚ್ಚರ. ಬಂದರೆ ನಿದ್ದೆ, ತಂದರೆ ಅಲ್ಲ.

ಚಿಕಿತ್ಸೆಯ ಮಾತಿಗೆ ಬಂದರೆ ಮೊದಲ ಹೆಜ್ಜೆ ಮನಸ್ಸಿನದಲ್ಲ, ಉಸಿರಿನ ಕೊಳವೆಯದು. ಜೋರು ಗೊರಕೆ, ಉಸಿರು ನಿಂತು ಗಕ್ಕನೆ ಎದ್ದೇಳುವುದು, ಹಗಲೆಲ್ಲ ತೂಕಡಿಕೆ ಇದ್ದರೆ ಅಪ್ನಿಯಾ ಪರೀಕ್ಷೆ ಆಗಲೇಬೇಕು. ಕಟ್ಟಿದ ಉಸಿರನ್ನು ಧ್ಯಾನ ಬಿಡಿಸಲಾರದು. ಮಾತ್ರೆಗಳ ಮಿತಿಯೂ ಗೊತ್ತಿರಬೇಕು. ನಿದ್ದೆ ಬರಿಸುವ ಬೆಂಜೋಡಯಜಪೀನ್ ಗುಂಪಿನ ಮಾತ್ರೆಗಳು ಗಾಯಗೊಂಡ ಮಿದುಳಿನ ಮರೆವು, ತಡವರಿಕೆಗಳನ್ನು ಹೆಚ್ಚಿಸಬಲ್ಲವು, ಬಿಡಲಾಗದ ಚಟವೂ ಆಗಬಲ್ಲವು. ಯುದ್ಧದ ದುಃಸ್ವಪ್ನಗಳಿಗೆ ದೊಡ್ಡ ಭರವಸೆಯಾಗಿದ್ದ ಪ್ರಾಜೋಸಿನ್, 304 ಮಾಜಿ ಸೈನಿಕರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹುಸಿ ಮಾತ್ರೆಗಿಂತ ಮೇಲೆನಿಸಲಿಲ್ಲ.

ಇಂದು ನಿದ್ರಾಹೀನತೆಗೆ ವೈದ್ಯರು ಮೊದಲು ಸೂಚಿಸಬೇಕಾದದ್ದು ಸಿಬಿಟಿ-ಐ ಎಂಬ ಮಾತು ಮತ್ತು ಅಭ್ಯಾಸಗಳ ಚಿಕಿತ್ಸೆ. ಹಾಸಿಗೆ ನಿದ್ದೆಗೆ ಮಾತ್ರ, ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಿ, ನಿಜವಾಗಿ ಎಷ್ಟು ಗಂಟೆ ನಿದ್ದೆ ಬರುತ್ತದೋ ಅಷ್ಟೇ ಹೊತ್ತು ಹಾಸಿಗೆಯಲ್ಲಿರಿ, ಬೆಳಿಗ್ಗೆ ಏಳುವ ಸಮಯ ತಪ್ಪಿಸಬೇಡಿ. ಇದು ಕೆಲಸ ಮಾಡುತ್ತದೆ ಎಂಬುದಕ್ಕೆ ಬಲವಾದ ಸಾಕ್ಷಿಗಳಿವೆ. ಆದರೆ ಇದು ಆರೆಂಟು ವಾರಗಳ ಕೆಲಸ, ದಿನಚರಿ ಬರೆಯಬೇಕು, ಮೊದಮೊದಲು ನಿದ್ದೆ ಇನ್ನೂ ಕಡಿಮೆಯಾಗುವುದನ್ನು ತಾಳಿಕೊಳ್ಳಬೇಕು. ತಲೆನೋವು, ಮರೆವು, ಸಿಡುಕು ಮೂರೂ ಇರುವ ಮನುಷ್ಯನಿಗೆ ಇದು ಏರು ದಾರಿ. ಈ ದಾರಿಯ ಜೊತೆಗೆ, ಕೆಲವೊಮ್ಮೆ ಇದಕ್ಕೆ ಮೊದಲು, ಹಿಡಿಯಬಹುದಾದ ಊರುಗೋಲಿನ ಹುಡುಕಾಟವೇ ಮನಸ್ಸು-ದೇಹದ ಚಿಕಿತ್ಸೆಗಳನ್ನು ಮಾಜಿ ಸೈನಿಕರ ಆಸ್ಪತ್ರೆಗಳಿಗೆ ಕರೆತಂದಿತು.

ಒಂದು ಹಾಳೆ, ಒಂದು ಪೆನ್ನು, ಫ್ಯಾನಿನ ಸದ್ದು

ಅವುಗಳಲ್ಲಿ ಒಂದನ್ನು ಹತ್ತಿರದಿಂದ ನೋಡೋಣ. ಅದರ ಹೆಸರು ‘ಮೈಂಡ್-ಬಾಡಿ ಬ್ರಿಡ್ಜಿಂಗ್’, ಮನಸ್ಸಿಗೂ ಮೈಗೂ ಸೇತುವೆ ಕಟ್ಟುವುದು. ರೂಪಿಸಿದವರು ಅಮೆರಿಕದ ಮನೋವೈದ್ಯ ಸ್ಟ್ಯಾನ್ಲಿ ಬ್ಲಾಕ್.

ಹಾಳೆಯ ನಡುವೆ ಒಂದು ಮೊಟ್ಟೆಯಾಕಾರ ಬರೆಯಿರಿ. ಅದರೊಳಗೆ ನಿಮ್ಮನ್ನು ಕಾಡುತ್ತಿರುವುದನ್ನು ಬರೆಯಿರಿ. ‘ಇವತ್ತು ರಾತ್ರಿ’ ಎಂದಿರಲಿ. ಈಗ ಸುತ್ತಲೂ, ಸರಿ ತಪ್ಪು ನೋಡದೆ, ಮನಸ್ಸಿಗೆ ಬಂದದ್ದನ್ನೆಲ್ಲ ಕೆಲವು ನಿಮಿಷ ಚೆಲ್ಲುತ್ತ ಹೋಗಿ. ‘ಮತ್ತೆ ಎರಡು ಗಂಟೆಗೇ ಎಚ್ಚರವಾಗುತ್ತದೆ.’ ‘ನಾಳೆ ಕೆಲಸದಲ್ಲಿ ತಪ್ಪು ಮಾಡುತ್ತೇನೆ.’ ‘ಹೆಂಡತಿಗೆ ನನ್ನಿಂದ ಸಾಕಾಗಿದೆ.’ ‘ನಾನು ಮೊದಲಿನಂತೆ ಇರಬೇಕಿತ್ತು.’ ಬರೆದು ಮುಗಿದ ಮೇಲೆ ಮೈಯನ್ನು ಗಮನಿಸಿ. ದವಡೆ ಬಿಗಿದಿದೆಯೇ? ಹೆಗಲು ಕಿವಿಯ ಹತ್ತಿರ ಬಂದಿದೆಯೇ? ಹೊಟ್ಟೆ ಗಂಟಾಗಿದೆಯೇ? ಎಲ್ಲಿ ಬಿಗಿತವಿದೆಯೋ ಅದನ್ನು ಹಾಳೆಯ ಕೆಳಗೆ ಬರೆಯಿರಿ.

ಈಗ ಎರಡನೆಯ ಹಾಳೆ. ಅದೇ ಮೊಟ್ಟೆ, ಅದೇ ಮಾತು. ಬರೆಯುವ ಮೊದಲು ಕೋಣೆಯ ಸದ್ದಿಗೆ ಕಿವಿ ಕೊಡಿ. ತಿರುಗುತ್ತಿರುವ ಫ್ಯಾನು, ಅಡುಗೆಮನೆಯ ಫ್ರಿಜ್ಜಿನ ಗುಂಯ್‌ಗುಡುವಿಕೆ, ದೂರದಲ್ಲಿ ಗೇರ್ ಬದಲಿಸುತ್ತಿರುವ ಲಾರಿ. ಕೈಯಲ್ಲಿರುವ ಪೆನ್ನಿನ ನುಣುಪು ತಿಳಿಯಲಿ, ಪಾದದ ಕೆಳಗಿನ ನೆಲದ ತಂಪು ತಿಳಿಯಲಿ, ಕುರ್ಚಿ ಬೆನ್ನನ್ನು ಹೊತ್ತಿರುವುದು ತಿಳಿಯಲಿ. ಈ ಅರಿವನ್ನು ಬಿಡದೆ ಅದೇ ವಿಷಯದ ಬಗ್ಗೆ ಮತ್ತೆ ಕೆಲವು ನಿಮಿಷ ಬರೆಯಿರಿ, ಪೆನ್ನಿನ ತುದಿಯಿಂದ ಶಾಯಿ ಇಳಿಯುವುದನ್ನು ನೋಡುತ್ತ. ಹಲವರಲ್ಲಿ ಎರಡನೆಯ ಹಾಳೆ ಮೊದಲನೆಯದರಂತೆ ಇರುವುದಿಲ್ಲ. ಕಷ್ಟ ಅದೇ ಆಗಿರುತ್ತದೆ, ಹಿಡಿತ ಸಡಿಲಿರುತ್ತದೆ.

ಎರಡು ಹಾಳೆಗಳ ನಡುವಿನ ಅಂತರಕ್ಕೆ ಬ್ಲಾಕ್ ಕೊಡುವ ವಿವರಣೆ ಇದು. ನಮ್ಮೊಳಗೆ ‘ನಾನು ಹೀಗಿರಬೇಕು, ಲೋಕ ಹೀಗಿರಬೇಕು’ ಎಂಬ ಕರಾರುಗಳಿವೆ. ಕರಾರು ಮುರಿದಾಗ ಒಳಗೆ ಎರಡು ದನಿ ಏಳುತ್ತವೆ: ಒಂದು ‘ನೀನು ಕೆಲಸಕ್ಕೆ ಬಾರದವ’ ಎಂದು ಕುಗ್ಗಿಸುತ್ತದೆ, ಇನ್ನೊಂದು ‘ಏನಾದರೂ ಮಾಡು, ಈಗಲೇ ಸರಿಪಡಿಸು’ ಎಂದು ಅಟ್ಟುತ್ತದೆ. ಎರಡೂ ಸೇರಿ ಮೈಯನ್ನು ಬಿಗಿಯುತ್ತವೆ. ಯೋಚನೆಯೊಡನೆ ಕಾದಾಡದೆ, ‘ಇದೊಂದು ಯೋಚನೆ’ ಎಂದು ಅದಕ್ಕೆ ಹೆಸರಿಟ್ಟು, ಇಂದ್ರಿಯಗಳಿಗೆ ಮರಳಿದರೆ ಬಿಗಿತ ತಾನೇ ಇಳಿಯುತ್ತದೆ. ಇದು ಕೆಲಸಕ್ಕೆ ಒದಗುವ ಒಂದು ಚಿತ್ರ, ಮಿದುಳಿನ ಅಂಗರಚನೆಯ ನಕ್ಷೆಯಲ್ಲ. ಆದರೆ ರಿವರ್ಸ್ ನೆನಪಿಗೆ ಬರುತ್ತಾರಲ್ಲವೇ? ಓಡಿಸಿದಷ್ಟೂ ಮರಳುವ ನೆನಪು, ಓಡಿಸುವುದನ್ನು ಬಿಟ್ಟಾಗ ಹಗುರಾಗುವ ರಾತ್ರಿ.

‘ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬುದು ನಮ್ಮ ಗಾದೆ. ಚಿಂತೆ ಇರುವವನು ಏನು ಮಾಡಬೇಕೆಂದು ಗಾದೆ ಹೇಳುವುದಿಲ್ಲ. ಈ ಅಭ್ಯಾಸ ಕೊಡುವ ಉತ್ತರ: ಸಂತೆಯ ಸದ್ದನ್ನೇ ಕೇಳಿಸಿಕೋ. ಯುದ್ಧ ಕಂಡವನಿಗೆ ಸದ್ದೆಂದರೆ ಅಪಾಯದ ಸುಳಿವು, ಕಿವಿ ಸದಾ ಅದನ್ನೇ ಹುಡುಕುತ್ತಿರುತ್ತದೆ. ಫ್ರಿಜ್ಜಿನ ಸದ್ದನ್ನು ಬರಿಯ ಸದ್ದಾಗಿ, ಏನನ್ನೂ ಹುಡುಕದೆ, ಮತ್ತೆ ಮತ್ತೆ ಕೇಳಿಸಿಕೊಂಡ ಕಿವಿ ಆ ಕೋಣೆಯ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತದೆ. ಇದು ಮನೆ. ಇಲ್ಲಿ ಯಾರೂ ಇಲ್ಲ.

ಪ್ರಯೋಗಗಳು ಏನನ್ನುತ್ತವೆ? ಯೂಟಾ ವಿಶ್ವವಿದ್ಯಾಲಯದ ಯೋಶಿಯೋ ನಕಾಮುರಾ ಮತ್ತು ಸಂಗಡಿಗರು ಸಾಲ್ಟ್ ಲೇಕ್ ಸಿಟಿಯ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ನಿದ್ದೆಗೆಟ್ಟ 63 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಈ ಅಭ್ಯಾಸ, ಇನ್ನೊಂದಕ್ಕೆ ನಿದ್ದೆಯ ಶಿಸ್ತಿನ ಪಾಠ. ವಾರಕ್ಕೊಂದರಂತೆ ಎರಡೇ ತರಗತಿ. 2011ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಎರಡೂ ಗುಂಪುಗಳ ನಿದ್ದೆ ಸುಧಾರಿಸಿತು, ಸೇತುವೆಯ ಅಭ್ಯಾಸ ಮಾಡಿದವರಲ್ಲಿ ಹೆಚ್ಚು ಸುಧಾರಿಸಿತು, ಪಿಟಿಎಸ್‌ಡಿ ಲಕ್ಷಣಗಳು ತಗ್ಗಿದ್ದು ಆ ಗುಂಪಿನಲ್ಲಿ ಮಾತ್ರ. ಎರಡು ತರಗತಿಗೆ ಇಷ್ಟು ಸಿಕ್ಕಿದ್ದು ನನ್ನ ಗಮನ ಸೆಳೆಯುತ್ತದೆ. ಆರು ವಾರ ಗಮನವಿಟ್ಟು ಕೂರಲಾರದ ಮಿದುಳಿಗೂ ಎರಡು ವಾರ ಎಟುಕುವ ದೂರ.

ಶಿವಮೊಗ್ಗದಿಂದ ವಿಸ್ಕಾನ್ಸಿನ್‌ಗೆ

ಇನ್ನೊಂದು ದಾರಿ ಉಸಿರು. ಎದೆ ಬಡಿತವನ್ನು, ರಕ್ತದೊತ್ತಡವನ್ನು, ಬೆವರನ್ನು ಮನಸ್ಸು ಮಾಡಿ ಬದಲಿಸಲಾಗದು. ಸ್ವಯಂಚಾಲಿತ ನರವ್ಯೂಹದ ಕೈಯಲ್ಲಿರುವ ಕೆಲಸಗಳಲ್ಲಿ ನಮ್ಮ ಮಾತನ್ನೂ ಕೇಳುವುದು ಉಸಿರು. ಇಟಲಿಯ ಲುಸಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ ಒಂದು ಸುಂದರ ಪ್ರಯೋಗ ಪ್ರಕಟಿಸಿದರು. ಲ್ಯಾಟಿನ್ ಜಪಮಾಲೆಯ ಪ್ರಾರ್ಥನೆ ಹೇಳಿದರೂ, ಯೋಗದ ಮಂತ್ರ ಹೇಳಿದರೂ ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯುತ್ತಿತ್ತು. ರಕ್ತದೊತ್ತಡವನ್ನು ಹದದಲ್ಲಿಡುವ ದೇಹದ ಸಹಜ ಏರಿಳಿತಕ್ಕೂ ಸರಿಸುಮಾರು ಅದೇ ಲಯ, ಹತ್ತು ಸೆಕೆಂಡಿಗೊಮ್ಮೆ. ಎರಡು ಲಯ ಕೂಡಿದಾಗ ಆ ಹದ ಕಾಯುವ ವ್ಯವಸ್ಥೆ ಇನ್ನಷ್ಟು ಚುರುಕಾಗುತ್ತದೆ, ನಿಡಿದಾದ ನಿಶ್ವಾಸದ ಹೊತ್ತು ವೇಗಸ್ ನರ ಹೃದಯಕ್ಕೆ ‘ನಿಧಾನ’ ಎನ್ನುತ್ತದೆ.

ಈ ಕಥೆಯಲ್ಲಿ ಕನ್ನಡನಾಡಿಗೆ ನಿಜವಾದ ನಂಟಿದೆ. ಶ್ರೀ ಶ್ರೀ ರವಿಶಂಕರ್ ಅವರು 1982ರಲ್ಲಿ ಶಿವಮೊಗ್ಗದಲ್ಲಿ ಮೌನದಲ್ಲಿದ್ದಾಗ ತಮಗೆ ಒಲಿಯಿತೆಂದು ಹೇಳುವ ಸುದರ್ಶನ ಕ್ರಿಯೆ, ನಿಧಾನ ಮತ್ತು ವೇಗದ ಉಸಿರಾಟದ ಆವರ್ತನಗಳ ಒಂದು ಅಭ್ಯಾಸ. ಅದನ್ನು ಆಸ್ಪತ್ರೆಯ ಅಳತೆಗೋಲಿಗೆ ಒಡ್ಡಿದ ಆರಂಭದ ಕೆಲಸಗಳು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಡೆದವು. 2000ದಲ್ಲಿ ಪ್ರಕಟವಾದ ಅಲ್ಲಿನ ಅಧ್ಯಯನ ಖಿನ್ನತೆಯ 45 ರೋಗಿಗಳಲ್ಲಿ ಇದನ್ನು ವಿದ್ಯುತ್ ಚಿಕಿತ್ಸೆ ಮತ್ತು ಇಮಿಪ್ರಮೀನ್ ಮಾತ್ರೆಯ ಜೊತೆ ಹೋಲಿಸಿತು. ಮುಂದೆ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಇರಾಕ್ ಮತ್ತು ಅಫ್ಘಾನಿಸ್ತಾನದಿಂದ ಮರಳಿದ 21 ಮಾಜಿ ಸೈನಿಕರ ಮೇಲಿನ ಚಿಕ್ಕ ಪ್ರಯೋಗ 2014ರಲ್ಲಿ ಪ್ರಕಟವಾಯಿತು. ಉಸಿರಿನ ಅಭ್ಯಾಸ ಕಲಿತವರಲ್ಲಿ ಪಿಟಿಎಸ್‌ಡಿ ಲಕ್ಷಣಗಳೂ ಆತಂಕವೂ ತಗ್ಗಿದ್ದವು. ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೊದಲ್ಲಿ 85 ಮಾಜಿ ಸೈನಿಕರೊಡನೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗ ಇನ್ನೂ ಕಠಿಣವಾದದ್ದು. ಅಲ್ಲಿ ಹೋಲಿಕೆಗೆ ನಿಂತದ್ದು ಪಿಟಿಎಸ್‌ಡಿಗೆ ಮಾನ್ಯತೆ ಪಡೆದ ಮಾತಿನ ಚಿಕಿತ್ಸೆಯೇ. ಲಕ್ಷಣಗಳ ಮುಖ್ಯ ಅಳತೆಯಲ್ಲಿ ಉಸಿರಿನ ಅಭ್ಯಾಸ ಅದಕ್ಕಿಂತ ಹಿಂದೆ ಬೀಳಲಿಲ್ಲ. ನಡೆದದ್ದನ್ನು ಬಾಯಿಬಿಟ್ಟು ಹೇಳಲಾಗದ ಎಷ್ಟೋ ಯೋಧರಿಗೆ ಹೇಳದೆಯೇ ಶುರುಮಾಡಬಹುದಾದ ಚಿಕಿತ್ಸೆಯೊಂದು ಇದೆ ಎನ್ನುವುದು ಸಣ್ಣ ಮಾತಲ್ಲ. ಯೋಗನಿದ್ರೆಯಿಂದ ರಿಚರ್ಡ್ ಮಿಲ್ಲರ್ ರೂಪಿಸಿದ ‘ಐರೆಸ್ಟ್’ ಕೂಡ ವಾಲ್ಟರ್ ರೀಡ್ ಆಸ್ಪತ್ರೆಯ ಸೈನಿಕರ ನಡುವೆ ಬೇರು ಬಿಟ್ಟಿದೆ.

ತಕ್ಕಡಿಯ ಇನ್ನೊಂದು ತಟ್ಟೆ

ಇಷ್ಟು ಹೇಳಿದ ಮೇಲೆ ಮಿತಿಗಳನ್ನು ಹೇಳದಿದ್ದರೆ ಓದುಗರಿಗೂ ಸೈನಿಕರಿಗೂ ಅನ್ಯಾಯ. ಮೇಲೆ ಹೇಳಿದ ಪ್ರಯೋಗಗಳ ಗಾತ್ರ ಚಿಕ್ಕದು. ಅಳೆದದ್ದು ಬಹುಪಾಲು ಪ್ರಶ್ನಾವಳಿಯಿಂದ, ಅಂದರೆ ನಿದ್ದೆ ಹೇಗಿತ್ತೆಂದು ಮಲಗಿದವನೇ ಹೇಳಿದ್ದರಿಂದ. ಸಾಲ್ಟ್ ಲೇಕ್ ಸಿಟಿಯಲ್ಲಿದ್ದವರು ನಿದ್ದೆಗೆಟ್ಟ ಮಾಜಿ ಸೈನಿಕರು, ಎಲ್ಲರಿಗೂ ಮಿದುಳಿನ ಗಾಯವಿರಲಿಲ್ಲ. ಸೌಮ್ಯ ಮಿದುಳು ಗಾಯ ಇರುವವರಲ್ಲೇ ಧ್ಯಾನವನ್ನು ಪರೀಕ್ಷಿಸಿದ ನ್ಯೂಜೆರ್ಸಿಯ 2013ರ ಅಧ್ಯಯನದಲ್ಲಿ ಬದುಕಿನ ಗುಣಮಟ್ಟ ಸುಧಾರಿಸಿತು, ಆದರೆ ಅದರಲ್ಲಿದ್ದವರು 22 ಮಂದಿ, ಹೋಲಿಕೆಯ ಗುಂಪು ಇರಲಿಲ್ಲ. ಹತ್ತಿರದ ಪುರಾವೆ ಸೇರಿಸಿ ಸೇರಿಸಿ ನಾವು ಒಂದು ಭರವಸೆಯನ್ನು ಕಟ್ಟುತ್ತಿದ್ದೇವೆ, ದೊಡ್ಡ ಪ್ರಯೋಗಗಳು ಅದರ ಭಾರ ಹೊರಬೇಕಿದೆ.

ಎಲ್ಲರಿಗೂ ಎಲ್ಲ ಅಭ್ಯಾಸ ಹಿತವೂ ಅಲ್ಲ. ಕಣ್ಣು ಮುಚ್ಚಿ ಕುಳಿತರೆ ಕೆಲವರಿಗೆ ಸಿಡಿತದ ದೃಶ್ಯವೇ ಎದುರಾಗುತ್ತದೆ. ಅಂಥವರು ಕಣ್ಣು ತೆರೆದೇ, ಪಾದ ನೆಲಕ್ಕೂರಿಯೇ ಶುರುಮಾಡಬೇಕು. ವೇಗದ ಉಸಿರಾಟ ತಲೆಸುತ್ತು ತರಬಹುದು, ಫಿಟ್ಸ್ ಇರುವವರು ವೈದ್ಯರನ್ನು ಕೇಳದೆ ಅದಕ್ಕೆ ಕೈ ಹಾಕಬಾರದು. ಇಂಥ ಅಭ್ಯಾಸ ಹರಿದ ತಂತುವನ್ನು ಜೋಡಿಸುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಮಾಡಬಲ್ಲದ್ದು ಕಾವಲುಗಾರನ ಹೆಗಲಿನ ಬಂದೂಕನ್ನು ಕೆಳಗಿಳಿಸುವುದು. ದುರಸ್ತಿಯ ಕೆಲಸ ಮಿದುಳಿನದೇ, ಅದಕ್ಕೆ ಬೇಕಾದ ಹೊತ್ತು ರಾತ್ರಿ.

ನಾಲ್ಕನೆಯ ಪ್ರಶ್ನೆ

ಇದು ದೂರದ ಯುದ್ಧಗಳ ಮಾತು ಎಂದು ಪುಟ ಮಗುಚಬೇಡಿ. ನಮ್ಮಲ್ಲಿ ಮಿದುಳಿಗೆ ಪೆಟ್ಟು ಬೀಳುವ ಮುಖ್ಯ ರಣರಂಗ ರಸ್ತೆ. ಬೈಕಿನಿಂದ ಬಿದ್ದು, ಸ್ಕ್ಯಾನ್ ನಾರ್ಮಲ್ ಎನಿಸಿಕೊಂಡು ಅದೇ ದಿನ ಮನೆಗೆ ಬಂದ ಹುಡುಗ ಮೂರು ತಿಂಗಳ ಮೇಲೆ ಸಿಡಿಮಿಡಿಗೊಳ್ಳುತ್ತಿದ್ದರೆ, ಓದಿದ್ದು ತಲೆಗೆ ಹತ್ತುತ್ತಿಲ್ಲ ಎನ್ನುತ್ತಿದ್ದರೆ, ಮನೆಯವರು ಅದನ್ನು ಸೋಮಾರಿತನ ಎಂದು ಬೈಯುವ ಮೊದಲು ಅವನ ರಾತ್ರಿಯನ್ನು ವಿಚಾರಿಸಬೇಕು. ಕೊಡಗಿನಲ್ಲಿ, ಬೆಳಗಾವಿಯಲ್ಲಿ ಮಗ್ಗುಲು ಬದಲಿಸುತ್ತ ಬೆಳಗು ಮಾಡುವ ಮಾಜಿ ಸೈನಿಕನ ಹೆಂಡತಿಗೆ, ಇದು ವಯಸ್ಸಿನ ದೋಷವಲ್ಲ, ವಿಚಾರಿಸಬಹುದಾದ, ಚಿಕಿತ್ಸೆ ಇರುವ ಕಾಯಿಲೆ ಎಂದು ಯಾರಾದರೂ ಹೇಳಬೇಕು.

ಪೆಟ್ಟು ಬಿದ್ದ ದಿನದ ಮೂರು ಪ್ರಶ್ನೆಗಳು ಜೀವ ಉಳಿಸುತ್ತವೆ, ಅವು ಇರಲಿ. ತಿಂಗಳು ಕಳೆದ ಮೇಲೆ, ವರ್ಷ ಕಳೆದ ಮೇಲೆ, ‘ಸೌಮ್ಯ’ ಎಂದು ಬರೆದ ಅದೇ ಕಡತವನ್ನು ತೆರೆದು ನಾಲ್ಕನೆಯದೊಂದು ಕೇಳಿ, ಉತ್ತರ ಬರುವ ತನಕ ಕಾಯುವ ಪುರುಸೊತ್ತು ವೈದ್ಯರಿಗೂ ಮನೆಯವರಿಗೂ ಇರಲಿ: ರಾತ್ರಿ ಹೇಗೆ ಕಳೆಯುತ್ತೀರಿ?